ಮೇಸ್ತ್ರಿ ಗಾಳೆಪ್ಪನ ಇಪ್ಪತ್ತೇಳು ಹೆಜ್ಜೆ

ಕಂಪ್ಲಿಯ ಕೊಟ್ರಯ್ಯ ಸಾವುಕಾರನ ಅಕ್ಕಿ ಗಿರಣಿಯಲ್ಲಿ ಗಡಿಯಾರ ಇರಲಿಲ್ಲವೆಂದಲ್ಲ. ಇತ್ತು. ಸಾವುಕಾರ ಕೂಡುವ ಗಾದಿಯ ಎದುರಿನ ಗೋಡೆಗೆ ತೂಗುಹಾಕಿತ್ತು, ಅವನೊಬ್ಬನಿಗೇ ಕಾಣುತ್ತಿತ್ತು. ಹೊರಗೆ ಕಣದಲ್ಲಿ ಕುದಿಸಿದ ಭತ್ತ ಒಣಗಿಸುವ ಮೂವತ್ತು ಹೆಂಗಸರಿಗೆ ಇದ್ದದ್ದು ಒಂದು ಕಲ್ಲು. ಮಧ್ಯಾಹ್ನ ತಿರುಗಿದ ಮೇಲೆ ಗಿರಣಿ ಗೋಡೆಯ ನೆರಳು ಕಣಕ್ಕಿಳಿದು, ಮೆಲ್ಲಗೆ ಉದ್ದವಾಗುತ್ತ ಬಂದು ಆ ಕಲ್ಲನ್ನು ಮುಟ್ಟಿದರೆ ಒಣಗಿಸುವ ಕೆಲಸ ಮುಗಿಯಿತು. ಆಮೇಲೆ ಭತ್ತ ರಾಶಿ ಮಾಡಿ, ಚಾಪೆ ಮುಚ್ಚಿ, ಕಸ ಹೊಡೆದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದರು. ಸಾವುಕಾರನ ಅಪ್ಪನ ಕಾಲದಿಂದ ಇದೇ ರೂಢಿ.

ಮದ್ರಾಸಿನಲ್ಲಿ ಕಾಂಗ್ರೆಸ್ಸಿನವರು ಮಂತ್ರಿಗಳಾಗಿದ್ದ ಕಾಲ ಅದು. ಕಂಪ್ಲಿಯ ಆ ಕಣದಲ್ಲಿ ಮಾತ್ರ ಮಂತ್ರಿಯೂ ಅಮಲ್ದಾರನೂ ಎಲ್ಲ ಮೇಸ್ತ್ರಿ ಗಾಳೆಪ್ಪನೇ. ಅವನ ಹೆಂಡತಿ ಹುಲುಗಮ್ಮ, ಸೊಸೆ ತಾಯಕ್ಕ ಇಬ್ಬರೂ ಅದೇ ಕಣದ ಆಳುಗಳು. ಮಗ ಪಂಪಣ್ಣ ಒಳಗೆ ಬಾಯ್ಲರಿಗೆ ಹೊಟ್ಟು ತುಂಬುತ್ತಿದ್ದ. ತಾಯಿ ಹೊಳೆಮ್ಮ ಮೂವತ್ತು ವರ್ಷ ಕಣದಲ್ಲಿ ದುಡಿದು, ಈಗ ಮನೆಯಲ್ಲಿ ಎಂಟು ತಿಂಗಳ ಮರಿಮಗನನ್ನು ಕಾಯುತ್ತಿದ್ದಳು.

ಕಣದಲ್ಲಿ ಗಾಳೆಪ್ಪನ ಬಾಯಿಂದ ದಿನಕ್ಕೆ ನೂರು ಸಲ ಬರುತ್ತಿದ್ದ ಮಾತು ಒಂದೇ: "ಕಾಲು ಎತ್ತಬ್ಯಾಡ್ರಿ!" ಕುದಿಸಿದ ಭತ್ತದ ಮೇಲೆ ಹೆಜ್ಜೆ ಎತ್ತಿ ಇಟ್ಟರೆ ಕಾಳು ಒಡೆದು ನುಚ್ಚಾಗುತ್ತದೆ. ಅದಕ್ಕೇ ಹೆಂಗಸರು ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸಿಕೊಂಡು, ನೆಲ ಬಿಡದೆ ಕಾಲು ಎಳೆಯುತ್ತ, ಸಾಲು ಬಿಡಿಸಿದಂತೆ ಭತ್ತ ತಿರುವುತ್ತಿದ್ದರು.

ಒಂದು ಅಮಾವಾಸ್ಯೆ, ಗಿರಣಿಗೆ ರಜೆ. ಬಾಯ್ಲರಿಗೆ ಪೂಜೆ ಮಾಡಿ ಕಾಯಿ ಒಡೆದ ಮೇಲೆ ಸಾವುಕಾರ ಗಾಳೆಪ್ಪನನ್ನು ಕರೆದ.

"ಗಾಳೆಪ್ಪ, ಆ ಕಲ್ಲು ಬಂಡಿಗೆ ಅಡ್ಡ ಬರ್ತತಿ. ಇಪ್ಪತ್ತು ಹೆಜ್ಜಿ ಗೇಟಿನ ಕಡಿ ಸರಿಸು."

"ಬಂಡಿ ಆ ಕಡಿ ಬರಂಗೇ ಇಲ್ಲಲ್ರಿ ಧಣಿ."

"ಮುಂದ ಬಂದ್ರ?"

ಗಾಳೆಪ್ಪ ಮುಂದೆ ಯಾವತ್ತೋ ಬರಬಹುದಾದ ಆ ಬಂಡಿಯನ್ನು ನೆನೆದು, ಕಬ್ಬಿಣದ ಹಾರಿ ತಗೊಂಡು ಕಲ್ಲು ಕಿತ್ತ. ಕಲ್ಲಿದ್ದ ಕುಣಿಗೆ ಗಚ್ಚು ಮೆತ್ತಿಸಿ ಕಣ ಸಪಾಟು ಮಾಡಿಸಿದ. ಕೆಲಸದಲ್ಲಿ ಅಚ್ಚುಕಟ್ಟು ಮನುಷ್ಯ ಅವನು.

ಮರುದಿನ ನೆರಳು ಕಲ್ಲು ಮುಟ್ಟಿದ ಕೂಡಲೇ, ದಿನದ ಹಾಗೆ, ರಾಶಿ ಮಾಡುವುದನ್ನು ಹೆಂಗಸರಿಗೆ ಬಿಟ್ಟು ಗಾಳೆಪ್ಪ ಮನೆಗೆ ಬಂದ. ಬರುವಾಗಲೇ ತಡವಾಗಿತ್ತು. ಒಲೆ ಹತ್ತಿರಲಿಲ್ಲ. ಕೂಸು ಕಿರುಚುತ್ತಿತ್ತು.

"ಯವ್ವ, ರೊಟ್ಟಿ?"

"ರೊಟ್ಟಿ ಬಡಿಯೋರು ನಿನ್ನ ಕಣದಾಗ ಅದಾರ. ಹೋಗಿ ಕರ್ಕಂಡು ಬಾ," ಎಂದಳು ಹೊಳೆಮ್ಮ.

"ನೀನ ಎಲ್ಡು ಬಡಿ."

"ಬಡಿತೀನಿ. ಈ ಕೂಸು ಹಿಡಕ, ಹಾಲು ಕುಡಸು."

"ನಾ ಎಲ್ಲಿಂದ ಕುಡಸಲಿ?"

"ಹಂಗಾರ ಸುಮ್ಮನ ಕುಂದ್ರು."

ಕತ್ತಲಾದ ಮೇಲೆ ಅತ್ತೆ ಸೊಸೆ ಬಂದರು. ತಾಯಕ್ಕ ಕಾಲು ಸಹ ತೊಳೆಯದೆ ಕೂಸನ್ನು ಕಸಿದುಕೊಂಡು ಮೂಲೆಗೆ ಕೂತಳು. ಹುಲುಗಮ್ಮ ಬಾಗಿಲಲ್ಲೇ ನಿಂತು ಕೇಳಿದಳು:

"ಕಲ್ಲು ಸರಿಸಿದಾಂವ ಯಾರು?"

"ಬಂಡಿಗೆ ಅಡ್ಡ ಬರ್ತತಂತ ಧಣಿ..."

"ಆ ಕಡಿ ಯಾವ ಬಂಡಿ ಬರ್ತತಿ?"

"ಮುಂದ ಬಂದ್ರ?"

"ಧಣಿ ತಾನ ಹಾರಿ ಹಿಡಿದನಾ? ನಿನ್ನ ಅಂಗೈ ತೋರಸು."

ಗಾಳೆಪ್ಪ ಅಂಗೈ ಮುಚ್ಚಿಕೊಂಡ. ಎಂಟು ವರ್ಷದಿಂದ ಬಾಯಿ ಬಿಟ್ಟರೆ ಬೇರೆ ಏನೂ ದುಡಿಸದ ಮೇಸ್ತ್ರಿಯ ಕೈಯಲ್ಲಿ ಮೂರು ಬೊಬ್ಬೆ ಎದ್ದಿದ್ದವು. ಹುಲುಗಮ್ಮ ಹಿಡಿದು ಬಿಡಿಸಿ, ದೀಪದ ಮುಂದೆ ಇಟ್ಟು, ಅತ್ತೆಗೂ ಸೊಸೆಗೂ ತೋರಿಸಿದಳು.

"ಹೊಟ್ಟಿಪಾಡು, ಏನ್ ಮಾಡ್ಲಿ?" ಎಂದ ಗಾಳೆಪ್ಪ.

"ಹೊಟ್ಟಿಪಾಡಂತ! ಈಗ ನಿನ್ನ ಹೊಟ್ಟಿ ಏನಂತೈತಿ ಕೇಳಕ," ಎಂದು ಹುಲುಗಮ್ಮ ಒಲೆಯ ಮುಂದೆ ಕೂತಳು. ಆ ರಾತ್ರಿ ರೊಟ್ಟಿ ಬಡಿದ ಸದ್ದಿಗೆ ಓಣಿಯ ನಾಯಿಗಳೆಲ್ಲ ಎದ್ದವು.

ಹದಿನೈದು ದಿನಕ್ಕೆ ಸಾವುಕಾರನಿಗೆ ರುಚಿ ಹತ್ತಿತು. ಕಲ್ಲು ಈ ಸಲ ಗೇಟು ದಾಟಿ ರಸ್ತೆಯ ಬದಿಗೆ, ಬೇವಿನ ಮರದ ಬುಡಕ್ಕೆ ಹೋಯಿತು. ದಾರಿಹೋಕರು ಅದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ಹೆಂಗಸರು ಕಾಲೆಳೆಯುತ್ತ ಗೇಟಿನಾಚೆ ಕತ್ತು ಚಾಚಿ ನೆರಳು ನೋಡಬೇಕಾಯಿತು.

"ಇನ್ನ ಎಲ್ಡು ಅಮಾಸಿ ತಡೀರಿ," ಎಂದಳು ಹುಲುಗಮ್ಮ ಎಲ್ಲರಿಗೂ ಕೇಳುವಂತೆ. "ಕಲ್ಲು ಹೊಳಿ ದಾಟಿ ನಿಜಾಮರ ಸೀಮಿಗೆ ಹೋಗ್ತತಿ. ನಾವು ಹರಗೋಲು ಹತ್ತಿ ಹೋಗಿ ನೆಳ್ಳು ನೋಡಿ ಬರೋಣು."

ಮೂವತ್ತು ಮಂದಿ ನಕ್ಕರು. ಗಾಳೆಪ್ಪ, "ಕಾಲು ಎತ್ತಬ್ಯಾಡ್ರಿ!" ಎಂದು ಒದರಿದ. ಯಾರೂ ಎತ್ತಿರಲಿಲ್ಲ.

ಮನೆಯಲ್ಲಿ ನಗು ಇರಲಿಲ್ಲ. ಸಂಜೆ ಕೂಸಿಗೆ ಹೊಳೆಮ್ಮ ಬೆಲ್ಲದ ನೀರು ನೆಕ್ಕಿಸುತ್ತಿದ್ದಳು. ಅದು ಎರಡು ದಿನ ನೆಕ್ಕಿತು, ಮೂರನೆಯ ದಿನ ಉಗುಳಿತು. ಅತ್ತು ಅತ್ತು ತಾಯಿ ಬರುವ ಹೊತ್ತಿಗೆ ನಿದ್ದೆಗೆ ಬಿದ್ದಿರುತ್ತಿತ್ತು, ಎಬ್ಬಿಸಿದರೂ ಕುಡಿಯುತ್ತಿರಲಿಲ್ಲ. ಅತ್ತ ತಾಯಕ್ಕನಿಗೆ ಕಣದಲ್ಲಿ ಹಾಲು ತುಂಬಿ ಎದೆ ಕಟ್ಟಿ ಜ್ವರ. ಮಾವನ ಮುಂದೆ ನಿಂತು ಮಾತಾಡದ ಹುಡುಗಿ ಒಂದು ಸಂಜೆ ನಿಂತೇಬಿಟ್ಟಳು.

"ಮಾವ, ಕೂಸು ಸೊರಗಾಕ ಹತ್ತೈತ್ರಿ. ತೊಡಿ ನೋಡ್ರಿ, ಚರ್ಮ ಜೋತೈತಿ."

ಗಾಳೆಪ್ಪ ನೋಡಿದ. "ಧಣಿಗೆ ಹೇಳ್ತೀನಿ," ಎಂದ.

ಹೇಳಿದ ಕೂಡ. ಸಾವುಕಾರ, "ಕೂಸಿದ್ದಾಕಿ ಮನಿಯಾಗ ಇರ್ಲಿ, ಬ್ಯಾರೆ ಆಳು ಸಿಗ್ತಾವ. ಬ್ಯಾರೆ ಮೇಸ್ತ್ರಿನೂ ಸಿಗ್ತಾರ," ಎಂದ. ಗಾಳೆಪ್ಪ ಮೊದಲನೆಯ ಮಾತನ್ನಷ್ಟೇ ಮನೆಗೆ ತಂದ. ಎರಡನೆಯದನ್ನು ಹೊಟ್ಟೆಯಲ್ಲಿಟ್ಟುಕೊಂಡ. ಅಲ್ಲಿ ಹೇಗೂ ಬೇರೆ ಏನೂ ಇರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಮನೆಯಲ್ಲಿ ಹೋಳಿಗೆ. ಬೆಳಿಗ್ಗೆಯಿಂದ ಬೇಳೆ ಬೆಂದ ವಾಸನೆ, ತುಪ್ಪದ ವಾಸನೆ. ಗಾಳೆಪ್ಪ ಹೊಳೆಯಲ್ಲಿ ಮಿಂದು, ವಿಭೂತಿ ಹಚ್ಚಿಕೊಂಡು, ತಾನೇ ಮಣೆ ಹಾಕಿಕೊಂಡು ಕೂತ. ಹುಲುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ರುಬ್ಬುವ ಗುಂಡುಕಲ್ಲು ಎತ್ತಿ ತಂದು ಅಂಗಳದಲ್ಲಿಟ್ಟಳು.

"ಮೇಸ್ತ್ರ್ಯಾರ, ಗ್ವಾಡಿ ನೆಳ್ಳು ಈ ಗುಂಡು ಮುಟ್ಟಿದ ಕೂಡ್ಲೆ ಎಲಿ ಹಾಕ್ತೀನ್ರಿ."

ಗಾಳೆಪ್ಪ ನಕ್ಕ. ಯಾರೂ ನಗದಿದ್ದಾಗ ಎದ್ದು ಹೋಗಿ ಗುಂಡಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಇಲಿಯ ಬಿಲದ ಮುಂದೆ ಬೆಕ್ಕು ಕೂತ ಹಾಗೆ ನೆರಳನ್ನೇ ನೋಡಿದ. ಇನ್ನು ನಾಲ್ಕು ಬೆರಳು ಇತ್ತು. ಹುಲುಗಮ್ಮ ಬಂದು ಗುಂಡನ್ನು ಎರಡು ಮೊಳ ಆಚೆ ಉರುಳಿಸಿದಳು.

"ಯಾಕ ಸರಿಸಿದಿ?"

"ಬಂಡಿಗೆ ಅಡ್ಡ ಬರ್ತತ್ರಿ."

"ಅಂಗಳದಾಗ ಯಾವ ಬಂಡಿ?"

"ಮುಂದ ಬಂದ್ರ?"

ಪಂಪಣ್ಣ ಒಳಗೆ ಮೂರನೆಯ ಹೋಳಿಗೆ ತಿನ್ನುತ್ತಿದ್ದ. "ಅಂವಗ ಹೆಂಗ ಹಾಕಿದಿ?" ಎಂದು ಗಾಳೆಪ್ಪ ಕೂಗಿದ.

"ಅಂವ ಬಾಯ್ಲರಿನಾಂವ್ರಿ. ಬಾಯ್ಲರಿನೋರಿಗೆ ಕಲ್ಲಿಲ್ಲ."

ನೆರಳು ಮತ್ತೆ ಹತ್ತಿರ ಬಂತು. ಗುಂಡು ಮತ್ತೆ ಉರುಳಿತು. ಮೂರನೆಯ ಸಲ ಗಾಳೆಪ್ಪ ಎದ್ದು ನಿಂತು ಓಣಿಗೆಲ್ಲ ಕೇಳುವಂತೆ ಒದರಿದ: "ಇದು ಅನ್ಯಾಯ! ಹೊತ್ತು ಅಂದ್ರ ಹೊತ್ತು! ಒಮ್ಮೆ ಇಟ್ಟ ಕಲ್ಲು ಸರಿಸಾಕ ನೀ ಯಾರಾಕಿ?"

ಹೊಳೆಮ್ಮ ಕೂಸನ್ನು ಭುಜದ ಮೇಲೆ ಹಾಕಿಕೊಂಡು ಹೊರಗೆ ಬಂದಳು.

"ಏನಂದೆಪ್ಪ? ನಂಗ ಕಿವಿ ಮಂದ. ಇನ್ನೊಮ್ಮೆ ಅನ್ನು."

ಗಾಳೆಪ್ಪ ಹೋಗಿ ಮತ್ತೆ ಗುಂಡಿನ ಪಕ್ಕದಲ್ಲಿ ಕೂತ. ಹೊತ್ತು ಮುಳುಗಿದ ಮೇಲೆ ತಣ್ಣಗಾದ ಎರಡು ಹೋಳಿಗೆ ಸಿಕ್ಕವು. ತುಪ್ಪ ಗಟ್ಟಿಯಾಗಿತ್ತು.

ಅದೇ ರಾತ್ರಿ ಅವನು ಮಲಗಿದ ಮೇಲೆ ತಾಯಕ್ಕ ಗಂಡನನ್ನು ಹಿಡಿದಳು. ಪಂಪಣ್ಣ ಮೂರನೆಯ ಇಯತ್ತೆ ಓದಿದವನು.

"ಹೆಣ್ಣಾಳನ್ನ ಕತ್ತಲಿತನಕ ದುಡಿಸಬಾರ್ದಂತ ಕಾಯಿದಿ ಐತಂತ. ಬಳ್ಳಾರಿಯ ಗಿರಣಿ ಇನ್ಸ್‌ಪೆಕ್ಟರಿಗೆ ಅರ್ಜಿ ಬರಿ."

"ಹೆಸರು ಯಾರದು ಹಾಕಲಿ? ನಂದು ಹಾಕಿದ್ರ ಸಾವುಕಾರ ನನ್ನ ಬಾಯ್ಲರಿಗೇ ಹಾಕ್ತಾನ."

"ಯಾರದೂ ಬ್ಯಾಡ. ಎಲ್ಲಾರೂ ಹೆಬ್ಬಟ್ಟು ಒತ್ತತೀವಿ."

ಬೆಳಿಗ್ಗೆ ಹೊಳೆಯ ಹತ್ತಿರ ನೀರಿಗೆ ಹೋದಾಗ ದೀಪದ ಮಸಿಯಲ್ಲಿ ಎಲ್ಲರೂ ಒತ್ತಿದರು. ಕಣಕ್ಕೆ ಬಂದಾಗ ಗಾಳೆಪ್ಪ ಹುಬ್ಬು ಗಂಟಿಕ್ಕಿದ.

"ಏನದು, ಎಲ್ಲಾರ ಹೆಬ್ಬಟ್ಟೂ ಕರ್ರಗ?"

"ರೊಟ್ಟಿ ಸೀದಿದ್ವು, ಕೆರೆದ್ವಿ," ಎಂದಳು ಹುಲುಗಮ್ಮ.

"ಮೂವತ್ತು ಮನಿಯಾಗೂ?"

"ಹೊತ್ತಿಗೆ ಮನಿ ಮುಟ್ಟದೋರ ರೊಟ್ಟಿ ಇನ್ನ ಹೆಂಗಿರ್ತಾವ್ರಿ?"

ಮಾತು ಸರಿಯಾಗಿತ್ತು. ಗಾಳೆಪ್ಪ ಒಪ್ಪಿದ.

ಎಂಟು ದಿನ ಕಳೆದು ಒಂದು ಮುಂಜಾನೆ, ಹೊಸಪೇಟೆಯಿಂದ ಬಸ್ಸಿನಲ್ಲಿ ಬಂದ ವ್ಯಾಪಾರಿಯೊಬ್ಬ ಸಾವುಕಾರನ ಕಿವಿಗೆ ಸುದ್ದಿ ಹಾಕಿದ: ಇನ್ಸ್‌ಪೆಕ್ಟರ್ ಹೊಸಪೇಟೆಯಲ್ಲಿ ಇಳಿದಿದ್ದಾನೆ, ಮಧ್ಯಾಹ್ನಕ್ಕೆ ಕಂಪ್ಲಿ. ಸಾವುಕಾರ ಚಪ್ಪಲಿ ಸಹ ಹಾಕದೆ ಕಣಕ್ಕೆ ಓಡಿ ಬಂದ.

"ಗಾಳೆಪ್ಪ, ಕಲ್ಲು ಮೊದ್ಲಿದ್ದ ಜಾಗಕ್ಕ ತಂದಿಡು. ಜಲ್ದಿ!" ಎಂದವನೇ ಕಾಫಿ, ಖಾರ, ಬಾಳೆಹಣ್ಣಿನ ವ್ಯವಸ್ಥೆಗೆ ಮನೆ ಕಡೆ ಓಡಿದ.

ಮೊದಲಿದ್ದ ಜಾಗ ಯಾವುದು? ಗಾಳೆಪ್ಪನೇ ಮೆತ್ತಿಸಿದ ಗಚ್ಚು ನುಣ್ಣಗೆ ಕೂತಿತ್ತು. ಅದರ ಮೇಲೆ ಕಣದ ತುಂಬ ಭತ್ತ ಹರವಿತ್ತು. ಅಷ್ಟರಲ್ಲಿ ಸುದ್ದಿ ಕೇಳಿ ಹೊಳೆಮ್ಮ ಕೂಸನ್ನೆತ್ತಿಕೊಂಡು ಗೇಟಿನ ಹತ್ತಿರ ಬಂದಿದ್ದಳು.

"ಯವ್ವ, ಕಲ್ಲು ಗ್ವಾಡಿಯಿಂದ ಎಷ್ಟು ಹೆಜ್ಜಿ ಇತ್ತು?"

"ಇಪ್ಪತ್ತೇಳು," ಎಂದಳು ಮುದುಕಿ. "ಖಾಲಿ ಕಣದಾಗ ದಿನಾ ನಡೆದೀನಿ. ಇಪ್ಪತ್ತೇಳು."

ನಿಜವನ್ನೇ ಹೇಳಿದ್ದಳು. ಗಾಳೆಪ್ಪ ಬೇವಿನ ಬುಡದಿಂದ ಕಲ್ಲನ್ನು ಹೆಗಲಿಗೇರಿಸಿ, ಕಣದ ಅಂಚಿನಿಂದ ಸುತ್ತಿ ಬಂದು, ಗಿರಣಿ ಗೋಡೆಗೆ ಬೆನ್ನು ಹಚ್ಚಿ ನಿಂತು, ಗಂಡಾಳಿನ ದೊಡ್ಡ ಹೆಜ್ಜೆ ಒಂದನ್ನು ಎತ್ತಿದ.

"ಕಾಲು ಎತ್ತಬ್ಯಾಡ್ರಿ ಮೇಸ್ತ್ರ್ಯಾರ! ನೆಲ್ಲು ಒಡಿತತಿ!"

ಮೂವತ್ತು ಬಾಯಿ ಒಟ್ಟಿಗೆ ಕೂಗಿದವು. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಎಂಟು ವರ್ಷ ತಾನೇ ಒದರಿದ ಮಾತು, ಮೈಗೆ ಹತ್ತಿಬಿಟ್ಟಿತ್ತು. ಗಾಳೆಪ್ಪ ಕಾಲು ಇಳಿಸಿದ. ಬೆರಳಿಗೆ ಹಿಮ್ಮಡಿ ತಾಗಿಸಿ, ಭತ್ತದಲ್ಲಿ ಕಾಲೆಳೆಯುತ್ತ, ಹೆಗಲ ಕಲ್ಲಿನ ಭಾರಕ್ಕೆ ವಾಲುತ್ತ ಹೊರಟ. ಹೆಂಗಸರು ಉತ್ಸಾಹದಿಂದ ಎಣಿಸಿದರು. "ಒಂದು! ಎಲ್ಡು! ಮೂರು!"

ಹದಿನೈದಕ್ಕೆ ಹುಲುಗಮ್ಮನಿಗೆ ವಿಷಯ ಹೊಳೆಯಿತು: ಎಳೆದ ಹೆಜ್ಜೆ ನಡೆದ ಹೆಜ್ಜೆಯ ಅರ್ಧ. ಇಪ್ಪತ್ತಕ್ಕೆ ಉಳಿದವರಿಗೂ. ಎಣಿಕೆ ಮಾತ್ರ ನಿಲ್ಲಲಿಲ್ಲ, ಇನ್ನೂ ಜೋರಾಯಿತು. ಇಪ್ಪತ್ತೇಳಕ್ಕೆ ಗಾಳೆಪ್ಪ ಕಲ್ಲು ಇಳಿಸಿದಾಗ, ಅದು ಮೊದಲಿದ್ದ ಜಾಗಕ್ಕಿಂತ ಗೋಡೆಗೆ ಅರ್ಧಕ್ಕರ್ಧ ಹತ್ತಿರವಿತ್ತು. ಹೊಳೆಮ್ಮ ಏನೋ ಹೇಳಲು ಬಾಯಿ ತೆರೆದಳು. ಹುಲುಗಮ್ಮನ ಕಣ್ಣು ನೋಡಿ, ಆಕಳಿಸಿ ಮುಚ್ಚಿಕೊಂಡಳು.

ಇನ್ಸ್‌ಪೆಕ್ಟರ್ ಮೂರು ಗಂಟೆಗೆ ಬಂದ. ಖಾಕಿ ಟೋಪಿ, ಬೂಟು, ಜೇಬಿನಲ್ಲಿ ಗಡಿಯಾರ, ಪುಸ್ತಕ ಓದಿ ಕಲಿತ ಕನ್ನಡ. ಗಾದಿಯ ಮೇಲೆ ಕೂತು ಕಾಫಿ ಕುಡಿದು ಕೇಳಿದ:

"ಈ ಹೆಂಗಸರು ಒಣಗಿಸುವ ಕೆಲಸ ನಿಲ್ಲಿಸುವುದು ಯಾವಾಗ?"

"ಗೋಡೆ ನೆರಳು ಕಣದ ಕಲ್ಲು ಮುಟ್ಟಿದ ಕೂಡಲೇ ಸ್ವಾಮಿ. ನಮ್ಮ ಅಪ್ಪನ ಕಾಲದಿಂದ ಆ ಕಲ್ಲು ಒಂದು ಬೆರಳೂ ಸರಿದಿಲ್ಲ."

ಇನ್ಸ್‌ಪೆಕ್ಟರ್ ಬರೆದುಕೊಂಡು ಓದಿ ಹೇಳಿದ. ಸಾವುಕಾರ ಖುಷಿಯಿಂದ ರುಜು ಹಾಕಿದ. ಶಾಯಿ ಆರಿರಲಿಲ್ಲ, ಹೊರಗಿನಿಂದ "ನೆಳ್ಳು ಮುಟ್ತು!" ಎಂಬ ಕೂಗು ಬಂತು. ಇಬ್ಬರೂ ಎದ್ದು ಬಂದರು. ನೆತ್ತಿ ಸುಡುವ ಬಿಸಿಲಿನಲ್ಲಿ ಮೂವತ್ತು ಹೆಂಗಸರು ಭತ್ತ ರಾಶಿ ಹಾಕುತ್ತಿದ್ದರು. ಇನ್ಸ್‌ಪೆಕ್ಟರ್ ಗಡಿಯಾರ ತೆಗೆದ. ಮೂರೂವರೆ.

"ದಿನವೂ ಇದೇ ಸಮಯಕ್ಕೆ?"

ಸಾವುಕಾರ ಕಲ್ಲು ನೋಡಿದ, ತನ್ನ ರುಜು ನೋಡಿದ, ಗಾಳೆಪ್ಪನ ಮುಖ ನೋಡಿದ. "ಹೌದು ಸ್ವಾಮಿ."

"ಇಂಥ ಗಿರಣಿ ಜಿಲ್ಲೆಯಲ್ಲಿಯೇ ಇಲ್ಲ. ಅರ್ಜಿ ಬರೆದವರು ಶುದ್ಧ ಸುಳ್ಳರು," ಎಂದ ಇನ್ಸ್‌ಪೆಕ್ಟರ್, ಟೋಪಿ ಹಾಕಿಕೊಳ್ಳುತ್ತ. "ಇನ್ನು ಮೇಲೆ ಇದು ತಪ್ಪಕೂಡದು. ಈ ತಿಂಗಳಲ್ಲಿ ಮತ್ತೊಮ್ಮೆ ಬರುತ್ತೇನೆ. ಹೇಳದೆ ಬರುತ್ತೇನೆ."

ಅವನ ಬೆನ್ನು ಮರೆಯಾದ ಮೇಲೆ ಸಾವುಕಾರ ಬೈದದ್ದನ್ನು ಬರೆಯುವಂತಿಲ್ಲ. ಕೊನೆಗೆ ಹೇಳಿದ್ದಿಷ್ಟು: "ಅಂವ ಬಂದಾಗ ಬರ್ಲಿ, ಆವಾಗ ನೋಡ್ಕಂತೀನಿ. ನಾಳೆ ಮುಂಜಾನೆ ಕಲ್ಲು ಬೇವಿನ ಮರಕ್ಕ ಹೋಗಬೇಕು. ಇಲ್ಲಂದ್ರ ನೀ ಮೇಸ್ತ್ರಿ ಅಲ್ಲ."

ಗಾಳೆಪ್ಪ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಸ್ವಲ್ಪ ಹೊತ್ತಿಗೇ ಹೆಂಗಸರೂ ಬಂದರು. ತಾಯಕ್ಕ ಬಾಗಿಲ ಬೆಳಕಿನಲ್ಲಿ ಕೂತು ಕೂಸಿಗೆ ಹಾಲು ಕೊಟ್ಟಳು. ಅದು ಎರಡೂ ಕಡೆ ಕುಡಿದು, ತೇಗಿ, ಅಜ್ಜನ ಮೀಸೆ ಹಿಡಿದು ಎಳೆಯಿತು. ತಿಂಗಳೊಪ್ಪತ್ತಿನಲ್ಲಿ ಅದು ಅಳದೆ ಕಳೆದ ಮೊದಲ ಸಂಜೆ. ಊಟದ ಹೊತ್ತಿಗೆ ಗಾಳೆಪ್ಪ ಸಾವುಕಾರನ ಮಾತು ಹೇಳಿದ, ಈ ಸಲ ಏನೂ ಬಿಡದೆ. ಯಾರೂ ಬೈಯಲಿಲ್ಲ. ಹುಲುಗಮ್ಮ ಇನ್ನೊಂದು ರೊಟ್ಟಿ ಹಾಕಿದಳು. ಅದೇ ಅವನಿಗೆ ಭಾರವಾಯಿತು.

ಬೆಳಿಗ್ಗೆ ಹಾರಿ ಹೆಗಲ ಮೇಲಿಟ್ಟುಕೊಂಡು ಗಿರಣಿಗೆ ಹೋದ. ಹೆಂಗಸರು ಕಲ್ಲಿನ ಸುತ್ತ ಕೂತಿದ್ದರು, ಕಣ ಖಾಲಿ. ಒಳಗೆ ಕುದಿಸಿದ ಭತ್ತ ಹಂಡೆಗಳಲ್ಲಿ ಹಬೆಯಾಡುತ್ತಿತ್ತು. ಅದನ್ನು ಬೇಗ ಹರವದಿದ್ದರೆ ಹುಳಿ ವಾಸನೆ ಹೊಡೆದು ದನಕ್ಕೂ ಬೇಡವಾಗುತ್ತದೆ.

"ಏಳಸೋ ಅವ್ರನ್ನ! ಸರಿಸು ಕಲ್ಲು!" ಎಂದ ಸಾವುಕಾರ.

ಗಾಳೆಪ್ಪ ಹಾರಿಯನ್ನು ಎರಡೂ ಕೈಯಲ್ಲಿ ಹಿಡಿದು ಸಾವುಕಾರನ ಮುಂದೆ ಚಾಚಿದ.

"ಧಣಿ, ನೀವ ಸರಿಸ್ರಿ. ನನ್ನ ಕೈಯಾಗ ಬೊಬ್ಬಿ ಎದ್ದಾವ."

ಸಾವುಕಾರ ಹಠದಿಂದ ಹಾರಿ ಹಿಡಿದ. ಅದು ಅವನು ತಿಳಿದದ್ದಕ್ಕಿಂತ ತೂಕವಿತ್ತು. ಒಂದು ಸಲ ಎತ್ತುವಷ್ಟರಲ್ಲಿ ಧೋತರದ ಕಚ್ಚೆ ಬಿಚ್ಚಿತು. ಹಾರಿ ಬಿಟ್ಟು ಧೋತರ ಹಿಡಿದುಕೊಂಡ. ಹೆಂಗಸರು ಸೆರಗು ಕಚ್ಚಿ ನೆಲ ನೋಡಿದರು. ಆಗ ಹುಲುಗಮ್ಮ ಎದ್ದು ನಿಂತಳು.

"ಧಣಿ, ಮೂರೂವರಿಗೆ ಬಿಟ್ರ ನೆಲ್ಲು ಒಣಗಂಗಿಲ್ಲ, ಗಿರಣಿ ಮುಚ್ಚತತಿ. ನಮಗೂ ಗೊತ್ತೈತಿ, ನಾವೂ ಇದ್ರಾಗ ಉಣ್ಣೋರು. ಕಲ್ಲು ನಿಮ್ಮ ಅಪ್ಪ ಇಟ್ಟಿದ್ದ ಜಾಗಕ್ಕ ಹೋಗ್ಲಿ. ಗಾರಿ ಹಾಕಿ ಕೂಡಸ್ರಿ, ಮತ್ತ ಯಾವ ಬಂಡಿಗೂ ಏಳದಂಗ. ಕೂಸಿದ್ದೋರು ಮಧ್ಯಾನ ಒಮ್ಮೆ, ಇಳಿಹೊತ್ತು ಒಮ್ಮೆ ಗೇಟಿಗೆ ಹೋಗಿ ಹಾಲು ಕೊಟ್ಟು ಬರ್ತಾರ. ಮೇಸ್ತ್ರಿ ಇಂವನ ಇರ್ಲಿ."

"ಇಂವ ಯಾಕ?"

"ಬ್ಯಾರೇರಿಗೆ ಮೊದಲಿಂದ ಕಲಿಸಬೇಕಾಗ್ತತ್ರಿ."

"ಇನ್ಸ್‌ಪೆಕ್ಟರ್ ಬಂದು ಮೂರೂವರಿ ಕೇಳಿದ್ರ?"

"ಕಲ್ಲಿನ ಲೆಕ್ಕ ತಪ್ಪಿತ್ತು, ತಿದ್ದೀವಿ ಅಂತ ನಾವ ಹೇಳ್ತೀವಿ. ಹೊತ್ತು ಮುಳುಗೋದ್ರಾಗ ಮನಿ ಸೇರಿದ್ರ ಅರ್ಜಿ ಯಾಕ ಬರೀತೀವಿ?"

ಸಾವುಕಾರ ತಿರುಗಿ ಹುಲುಗಮ್ಮನ ಹೆಬ್ಬೆರಳು ನೋಡಿದ. ಅದು ಸ್ವಚ್ಛವಾಗಿತ್ತು. ಒಳಗಿನಿಂದ ಪಂಪಣ್ಣ, "ಧಣಿ, ಹಂಡೇದಾಗ ಹುಳಿ ವಾಸನಿ ಬರಾಕ ಹತ್ತೈತ್ರಿ!" ಎಂದು ಕೂಗಿದ. ಅಷ್ಟು ಬೇಗ ಬರುವಂಥದ್ದಲ್ಲ ಅದು. ಆದರೆ ಸಾವುಕಾರ ಯಾವತ್ತೂ ಹಂಡೆಯ ಹತ್ತಿರ ಹೋದವನಲ್ಲ. "ಆತು, ಆತು, ಏಳ್ರಿ!" ಎಂದ.

ಖಾಲಿ ಕಣದಲ್ಲಿ ಹೊಳೆಮ್ಮ ಬಂದು ತಾನೇ ಇಪ್ಪತ್ತೇಳು ಹೆಜ್ಜೆ ನಡೆದು ತೋರಿಸಿದಳು. ಕಲ್ಲು ಗಾರೆಯಲ್ಲಿ ಕೂತಿತು.

ಹದಿನೈದು ದಿನದಲ್ಲಿ ಗಾಳೆಪ್ಪನ ಮೀಸೆ ಮೇಲಕ್ಕೆ ತಿರುಗಿತು. ಚಹದ ಅಂಗಡಿಯಲ್ಲಿ ಕೂತು, "ಕಾಲೆಳದು ಎಣಿಸಿದ್ದು ಬೇಕಂತನ. ಸಾವುಕಾರನ್ನ ಹೆಂಗ ಬಲ್ಯಾಗ ಕೆಡವಿದೆ ನೋಡ್ರಿ," ಎಂದು ಮೊದಲ ದಿನ ಹೇಳಿದ. ನಾಲ್ಕನೆಯ ದಿನದ ಹೊತ್ತಿಗೆ ಇನ್ಸ್‌ಪೆಕ್ಟರನನ್ನು ಕರೆಸಿದವನೂ ಅವನೇ ಆಗಿದ್ದ. ಮನೆಯಲ್ಲಿ ಯಾರೂ ಅಡ್ಡ ಮಾತಾಡಲಿಲ್ಲ. ರೊಟ್ಟಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಬಾಗಿಲಲ್ಲಿ ಹತ್ತು ಹೆಂಗಸರು ನಿಂತಿದ್ದರು. ಹೊಳೆಯ ಕಡೆಯ ಇನ್ನೊಂದು ಗಿರಣಿಯವರು. ಮುಂದೆ ನಿಂತವಳು ವಿರುಪಮ್ಮ, ಗಟ್ಟಿ ಆಳು.

"ಮೇಸ್ತ್ರ್ಯಾರ ಮನಿ ಇದೇ ಏನ್ರಿ? ನಮ್ಮ ಸಾವುಕಾರ ಅಮಾಸಿಗೂ ರಜಾ ಕೊಡವಲ್ಲ. ಹೊತ್ತು ಮುಳುಗಿದ್ರೂ ಬಿಡವಲ್ಲ. ನೀವು ಭಾಳ ಉಪಾಯಗಾರರಂತ ಊರೆಲ್ಲಾ ಹೇಳ್ತೈತಿ. ಬಂದು ನಮಗೂ ಒಂದು ಕಲ್ಲು ಹಾಕಿಕೊಡ್ರಿ."

ಗಾಳೆಪ್ಪನ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಆ ಸಾವುಕಾರ ಗೇಟಿಗೆ ಎರಡು ನಾಯಿ ಕಟ್ಟಿದವನು.

"ಅದು... ನಂಗ ಇವತ್ತು ಮೈಯಾಗ ಆರಾಮಿಲ್ಲ."

"ನಿನ್ನೆ ಚಾದಂಗಡಿಯಾಗ ಆರಾಮಿದ್ದೆಲ್ಲ," ಎಂದಳು ಹೊಳೆಮ್ಮ, ಕೂಸಿನ ಬೆನ್ನು ತಟ್ಟುತ್ತ.

ಹುಲುಗಮ್ಮ ಎರಡು ರೊಟ್ಟಿ, ಪುಂಡಿಪಲ್ಯ ಅರಿವೆಯಲ್ಲಿ ಕಟ್ಟಿ ಗಂಡನ ಕೈಗಿಟ್ಟಳು. ಸೆರಗು ಬಿಗಿದು, ಬಂದವರ ಮುಂದಾಗಿ ಓಣಿಗೆ ಇಳಿದಳು. ಅವನು ಇನ್ನೂ ಬಾಗಿಲಲ್ಲೇ ನಿಂತದ್ದು ನೋಡಿ ತಿರುಗಿದಳು.

"ನಡಿ, ನಾನೂ ಬರ್ತೀನಿ. ಕಲ್ಲು ನೀ ಹೊರು. ಮಾತು ನಾ ಆಡ್ತೀನಿ."